ಫ್ಯಾಕ್ಟರಿ ಗೇಟಿನ ಮುಂದೆ ಒಂದು ಕ್ಯಾಮರಾ!

ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. “ಸಾರ್, ನಾವು ಸ್ನೇಹಿತರೆಲ್ಲಾ ಸೇರಿ ಶಾರ್ಟ್ ಫಿಲಂ ಮಾಡಬೇಕೂಂತ ಇದ್ದೀವಿ. ಹಾಡು, ಫೈಟು ಏನೂ ಇರೋದಿಲ್ಲ. ಬರೀ ನಿಜ ಜೀವನ. ಹೇಗೆ ಶುರು ಮಾಡೋದು?”

ಇಷ್ಟು ದಿನ ಏನೋ ಒಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಈ ವಾರ ಜಾರುವುದಿಲ್ಲ. ಅಂಥದ್ದೇ ಒಂದು ಚಿತ್ರ ತಯಾರಾಗುವುದನ್ನು ಕಣ್ಣಾರೆ ನೋಡಿ ಬಂದಿದ್ದೇನೆ. ಎಲ್ಲಿ ಅಂತೀರಾ? ಊಟಿಯಲ್ಲಲ್ಲ, ಸ್ವಿಟ್ಜರ್ಲೆಂಡಿನಲ್ಲಲ್ಲ. ನಮ್ಮ ಪೀಣ್ಯದಲ್ಲಿ!

ತುಮಕೂರು ರಸ್ತೆಯಲ್ಲಿ ಗೊರಗುಂಟೆಪಾಳ್ಯ ದಾಟಿದರೆ ಸಿಗುವ ಪೀಣ್ಯ ನಿಮಗೆ ಗೊತ್ತಿಲ್ಲದ್ದೇನಲ್ಲ. ಲೇತು, ಪ್ರೆಸ್ಸು, ಪ್ಲೇಟಿಂಗು, ಗಾರ್ಮೆಂಟ್ಸು. 2014ರಿಂದ ತಲೆಯ ಮೇಲೆ ಮೆಟ್ರೋ ಓಡುತ್ತದೆ, ಒಂದು ಸ್ಟೇಷನ್ನಿನ ಹೆಸರೇ ‘ಪೀಣ್ಯ ಇಂಡಸ್ಟ್ರಿ’. ಈ ಪತ್ರಿಕೆ ಓದುವವರಲ್ಲಿ ಎಷ್ಟು ಜನ ಅಲ್ಲೇ ಷಿಫ್ಟ್ ಮುಗಿಸಿ ಬಸ್ಸು ಹತ್ತುತ್ತೀರೋ, ಆ ಲೆಕ್ಕ ನನ್ನ ಬಳಿ ಇಲ್ಲ.

* * *

ಐದು ಜನ ಹುಡುಗರು, ಒಬ್ಬಳು ಹುಡುಗಿ. ಡಿಗ್ರಿ ಕೊನೆಯ ವರ್ಷ. ಬಂಡವಾಳ, ಎಲ್ಲರ ಜೇಬು ಜಾಲಾಡಿ ಹದಿನಾರು ಸಾವಿರ ರೂಪಾಯಿ. ಕ್ಯಾಮರಾ ಎಂದರೆ ಒಬ್ಬನ ಮೊಬೈಲು. ಮೈಕು ಬಾಡಿಗೆಯದು. ಜಾಲಹಳ್ಳಿ ಕ್ರಾಸಿನ ಒಂದು ದರ್ಶಿನಿಯಲ್ಲಿ, ಬೈಟೂ ಕಾಫಿ ಮುಂದಿಟ್ಟುಕೊಂಡು ಕಥೆ ಹೇಳಿದರು.

ನಿರ್ದೇಶಕ ಹುಡುಗ ಮಹಾ ಓದಿಕೊಂಡವನು. ಗಿರೀಶ್ ಕಾಸರವಳ್ಳಿಯವರು ಪುಣೆಯ ಇನ್‌ಸ್ಟಿಟ್ಯೂಟಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಮಾಡಿದ ‘ಅವಶೇಷ್’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು, ‘ಕಾಗಜ್ ಕೆ ಫೂಲ್’ (1959) ಚಿತ್ರದ ಛಾಯಾಗ್ರಾಹಕ ಮೈಸೂರಿನ ವಿ.ಕೆ. ಮೂರ್ತಿ ಕೆಲಸ ಕಲಿತದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ, ಎಲ್ಲಾ ಬಾಯಿಪಾಠ. ಅದೇ ಪುಣೆಯ ಇನ್‌ಸ್ಟಿಟ್ಯೂಟಿನ ವಿದ್ಯಾರ್ಥಿಯಾಗಿ ಮೈಸೂರಿನ ಡಾಕ್ಟರು ಚಿದಾನಂದ ನಾಯ್ಕ್ ನಾಲ್ಕೇ ದಿನದಲ್ಲಿ ಶೂಟಿಂಗ್ ಮುಗಿಸಿದ ಹದಿನಾರು ನಿಮಿಷದ ಕನ್ನಡ ಚಿತ್ರ, ಹುಂಜ ಕದ್ದ ಅಜ್ಜಿಯ ಜನಪದ ಕಥೆ, 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದದ್ದನ್ನಂತೂ ಮೂರು ಸಲ ಹೇಳಿದ!

“ಭೇಷ್! ನಿನ್ನ ಕಥೆ ಏನಪ್ಪಾ?” ಅಂದೆ.

ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಂಗಸು. ಕುಡುಕ ಗಂಡ. ಟಾರ್ಗೆಟ್ ಮುಗಿಸಲಿಲ್ಲ ಅಂತ ಸೂಪರ್‌ವೈಸರ್ ಬೈಗುಳ. ಕೊನೆಗೆ ಸಂಜೆ ಕೆಂಪು ಬೆಳಕಿನಲ್ಲಿ ರೈಲು ಹಳಿಯ ಕಡೆ ನಡೆದು ಹೋಗುತ್ತಾಳೆ... ಕಟ್! ಹುಡುಗನ ಕಣ್ಣಲ್ಲಿ ಆಗಲೇ ನೀರು.

ನಾನೇನೂ ಮಾತಾಡಲಿಲ್ಲ. “ಯಾರು ಪಾತ್ರ ಮಾಡ್ತಾರೆ?” ಅಂತ ಮಾತ್ರ ಕೇಳಿದೆ. ಧ್ವನಿ ಹಿಡಿಯುವ ಹುಡುಗಿ ಹೇಳಿದಳು, “ನಮ್ಮ ಪಕ್ಕದ ಮನೆ ಅಕ್ಕ ಇದ್ದಾರೆ ಸಾರ್. ನಿಜವಾಗ್ಲೂ ಗಾರ್ಮೆಂಟ್ಸ್‌ಗೆ ಹೋಗ್ತಾರೆ.”

* * *

ಲಗ್ಗೆರೆಯ ಒಂದು ವಠಾರ. ಒಂದೇ ಕೋಣೆ, ಅದರಲ್ಲೇ ಅಡಿಗೆ. ಅಕ್ಕನ ಊರು ಮಧುಗಿರಿ ಕಡೆ. ಹದಿನೈದು ವರ್ಷದಿಂದ ಶರ್ಟಿನ ಕಾಲರ್ ಹೊಲಿಯುತ್ತಿದ್ದಾರೆ. ಬರೀ ಕಾಲರು! ಪೂರ್ತಿ ಶರ್ಟು ಹೊಲಿದು ಯಾವ ಕಾಲವಾಯಿತೋ ಅಂತ ನಕ್ಕರು.

ನಿರ್ದೇಶಕ ಕಥೆ ಹೇಳಿದ. ಅಕ್ಕ ಸೊಪ್ಪು ಬಿಡಿಸುತ್ತಾ ಪೂರ್ತಿ ಕೇಳಿದರು. ರೈಲು ಹಳಿ ಬಂದಾಗ ಕೈ ನಿಲ್ಲಿಸಿದರು.

“ಅಲ್ಲ ಕಣಪ್ಪಾ, ನಾನ್ಯಾಕೆ ಸಾಯ್ಲಿ? ಐದನೇ ತಾರೀಕು ಬಾಡಿಗೆ ಯಾರು ಕೊಡ್ತಾರೆ? ಚೀಟಿ ದುಡ್ಡು ಯಾರು ಕಟ್ತಾರೆ? ನಮ್ಗೆ ಸಾಯಕ್ಕೂ ರಜಾ ಇಲ್ಲ!”

ಹುಡುಗರು ತೆಪ್ಪಗಾದರು. ಅವರು ಒಂದು ತಿಂಗಳು ಕೂತು ಬರೆದ ಕ್ಲೈಮ್ಯಾಕ್ಸು ಅರ್ಧ ನಿಮಿಷದಲ್ಲಿ ಹಾರಿಹೋಗಿತ್ತು. ಹಾಗಾದರೆ ಇನ್ನೇನು ತೋರಿಸೋಣ ಅಂತ ಕೇಳಿದ್ದಕ್ಕೆ ಅಕ್ಕ ತಮ್ಮ ಒಂದು ದಿನದ ಲೆಕ್ಕ ಕೊಟ್ಟರು. ಬೆಳಗಿನ ಜಾವ ನಾಲ್ಕೂವರೆಗೆ ಏಳೋದು. ನಲ್ಲಿ ಮುಂದೆ ಬಿಂದಿಗೆ ಸಾಲು. ಮೂರು ಡಬ್ಬಿಗೆ ಊಟ. ಗಂಟೆಗಿಷ್ಟು ಪೀಸು ಅಂತ ಲೆಕ್ಕ. ನೀರು ಕುಡಿದರೆ ಮತ್ತೆ ಮತ್ತೆ ಏಳಬೇಕಾಗುತ್ತೆ ಅಂತ ಮಧ್ಯಾಹ್ನದವರೆಗೆ ನೀರೇ ಕುಡಿಯದಿರೋದು. ಒಂದು ದಿನ ತಪ್ಪಿಸಿದರೆ ಆ ದಿನದ ಕೂಲಿಯ ಜೊತೆ ಹಾಜರಾತಿ ಬೋನಸ್ಸೂ ಹೋಗೋದು.

ನೋಡಿ, ಇದರಲ್ಲಿ ರೈಲೂ ಇಲ್ಲ, ಕೆಂಪು ಬೆಳಕೂ ಇಲ್ಲ. ನಿರ್ದೇಶಕ ಮಾತ್ರ ಹಳೆಯ ಸ್ಕ್ರಿಪ್ಟಿನ ಹಿಂಬದಿಯಲ್ಲಿ ಹೊಸದು ಬರೆಯತೊಡಗಿದ್ದ.

* * *

ಇಷ್ಟರವರೆಗೆ ಎಲ್ಲಾ ಸುಖವೇ. ತಕರಾರು ಶುರುವಾದದ್ದು ಗೇಟಿನ ಬಳಿ.

ನಿರ್ದೇಶಕನಿಗೆ ಒಂದು ಶಾಟ್ ಬೇಕೇ ಬೇಕು. ಸಂಜೆ ಕೆಲಸ ಬಿಡುವ ಹೊತ್ತು. ಗೇಟು ತೆರೆಯುತ್ತದೆ. ನೂರಾರು ಹೆಂಗಸರು ಹೊಳೆಯ ಹಾಗೆ ಹೊರಗೆ ಬರುತ್ತಾರೆ. ಮಧ್ಯದಲ್ಲಿ ಅಕ್ಕನ ಮುಖ, ಕ್ಲೋಸಪ್. ರಸ್ತೆ ಸಾರ್ವಜನಿಕರದ್ದು, ಆಚೆ ಬದಿಯಿಂದ ಜೂಮ್ ಮಾಡಿದರೆ ಯಾರಿಗೂ ಗೊತ್ತಾಗೋದಿಲ್ಲ ಅಂತ ಅವನ ವಾದ.

ಅಕ್ಕ ಒಪ್ಪಲಿಲ್ಲ. “ಮನೇಲಿ ಎಷ್ಟು ಬೇಕಾದ್ರೂ ತೆಗೀರಿ. ಗೇಟಿನ ಹತ್ರ ಮಾತ್ರ ಬ್ಯಾಡ.”

ಯಾಕೆ ಅಂತ ಆಮೇಲೆ ತಿಳಿಯಿತು. 2016ರ ಏಪ್ರಿಲ್ 18 ಮತ್ತು 19 ನಿಮಗೆ ನೆನಪಿರಬಹುದು. ಪಿ.ಎಫ್. ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಗಾರರು, ಬಹುಪಾಲು ಹೆಂಗಸರು, ಬೀದಿಗಿಳಿದರು. ಹೊಸೂರು ರಸ್ತೆ ನಿಂತುಹೋಯಿತು, ತುಮಕೂರು ರಸ್ತೆ ನಿಂತುಹೋಯಿತು. ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ಎರಡನೇ ದಿನ ಸಂಜೆಯ ಹೊತ್ತಿಗೆ ಕೇಂದ್ರ ಸರ್ಕಾರ ಆ ನಿಯಮವನ್ನೇ ವಾಪಸ್ ತೆಗೆದುಕೊಂಡಿತು!

ಅಕ್ಕನೂ ಆ ಗುಂಪಿನಲ್ಲಿದ್ದರು. ಟಿ.ವಿ.ಯಲ್ಲಿ ಮುಖ ಬಂತು. ಮನೆಯಲ್ಲಿ ಎಲ್ಲರೂ ಸಂಭ್ರಮಪಟ್ಟರು. ಮಾರನೇ ವಾರ ಕೆಲಸದ ಜಾಗದಲ್ಲಿ ಅದೇ ದೃಶ್ಯವನ್ನು ಮೊಬೈಲಿನಲ್ಲಿ ತೋರಿಸಿ, “ಇದು ನೀನೇ ತಾನೆ?” ಅಂತ ಕೇಳಿದರಂತೆ. ಆ ಕೆಲಸ ಬಿಟ್ಟು ಬೇರೆ ಕಡೆ ಸೇರುವ ಹೊತ್ತಿಗೆ ಎರಡು ತಿಂಗಳು ಸಂಬಳ ಇರಲಿಲ್ಲ.

ನಿರ್ದೇಶಕನಿಗೆ ಪಾಪ, ಅರ್ಥವಾದರೂ ಹೊಟ್ಟೆಯುರಿ. “ಸಾರ್, ಮುಖ ಇಲ್ಲದೆ ರಿಯಲಿಸಂ ಎಲ್ಲಿಂದ ಬರುತ್ತೆ? ಜಗತ್ತಿನ ಮೊದಮೊದಲ ಸಿನಿಮಾಗಳಲ್ಲೇ ಫ್ಯಾಕ್ಟರಿ ಗೇಟಿಲ್ಲವಾ?”

ಹುಡುಗ ಹೇಳಿದ್ದು ಸುಳ್ಳಲ್ಲ. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಲೂಮಿಯೇರ್ ಸಹೋದರರು ದುಡ್ಡು ತೆಗೆದುಕೊಂಡು ಜನರಿಗೆ ತೋರಿಸಿದ ಚಿತ್ರಗಳಲ್ಲಿ, ಫ್ಯಾಕ್ಟರಿಯಿಂದ ಕೆಲಸಗಾರರು ಹೊರಗೆ ಬರುವ ಮುಕ್ಕಾಲು ನಿಮಿಷದ ಚಿತ್ರವೂ ಇತ್ತು. ಅದರಲ್ಲೂ ಹೆಂಗಸರೇ ಹೆಚ್ಚು. “ಆದರೆ ಮರಿ, ಆ ಫ್ಯಾಕ್ಟರಿ ಯಾರದ್ದು? ಲೂಮಿಯೇರ್‌ಗಳದ್ದೇ! ಕ್ಯಾಮರಾ ಹಿಂದೆ ಇದ್ದವನು ಮಾಲೀಕನೇ. ಅಲ್ಲಿ ಯಾರ ಕೆಲಸ ಹೋಗಬೇಕು?” ಅಂದೆ.

ಅವನ ದೇವರು ಡಿ ಸಿಕಾ. ಅದಕ್ಕೇ ಇನ್ನೊಂದು ಕಥೆ ಹೇಳಿದೆ. ‘ಬೈಸಿಕಲ್ ಥೀವ್ಸ್’ (1948) ನಾಯಕ ಲಾಂಬೆರ್ತೊ ಮಜ್ಜೊರಾನಿ ನಟನಲ್ಲ, ನಿಜವಾದ ಫ್ಯಾಕ್ಟರಿ ಕೆಲಸಗಾರ. ಚಿತ್ರ ಲೋಕಪ್ರಸಿದ್ಧವಾಯಿತು, ಅವನು ಫ್ಯಾಕ್ಟರಿಗೆ ವಾಪಸ್ ಹೋದ. ಕೆಲಸ ಕಡಿಮೆಯಾಗಿ ಜನರನ್ನು ತೆಗೆಯುವಾಗ ಅವನನ್ನೂ ತೆಗೆದರು. ಸಿನಿಮಾದಲ್ಲಿ ಬೇಕಾದಷ್ಟು ಸಂಪಾದಿಸಿದ್ದಾನೆ, ಇವನಿಗೇನು ಕಷ್ಟ ಅನ್ನುವ ಲೆಕ್ಕ! ಕೆಲಸ ಕಳೆದುಕೊಂಡು ಅಲೆಯುವವನ ಪಾತ್ರ ಮಾಡಿದವನು ನಿಜಕ್ಕೂ ಕೆಲಸ ಕಳೆದುಕೊಂಡ.

ಹುಡುಗ ಇನ್ನೂ ಮುಖ ಊದಿಸಿಕೊಂಡೇ ಇದ್ದ. ಆಗ ನಲವತ್ತು ವರ್ಷದಿಂದ ಯಾರಿಗೂ ಹೇಳದ ಒಂದು ವಿಷಯವನ್ನು ನಾನು ಹೇಳಬೇಕಾಯಿತು.

* * *

1983. ನನಗೂ ಇಪ್ಪತ್ತು ವರ್ಷ. ನಾವು ಮೂವರು ಗೆಳೆಯರು ಸೂಪರ್ ಎಯ್ಟ್ ಕ್ಯಾಮರಾ ಬಾಡಿಗೆಗೆ ತಂದಿದ್ದೆವು. ಒಂದು ರೋಲು ಎಂದರೆ ಮೂರು ನಿಮಿಷ ಇಪ್ಪತ್ತು ಸೆಕೆಂಡು. ಮೂರು ರೋಲು, ಹತ್ತು ನಿಮಿಷದ ಚಿತ್ರ. ಇದೇ ಪೀಣ್ಯ. ಒಂದು ಕಾರ್ಖಾನೆಯ ರಾತ್ರಿ ಕಾವಲುಗಾರ ನಮ್ಮನ್ನು ಒಳಗೆ ಬಿಟ್ಟ. ಚಳಿ ಅಂತ ತನ್ನ ಪ್ಲಾಸ್ಕಿನ ಟೀ ಕೊಟ್ಟ. “ಚೆನ್ನಾಗಿ ತೆಗೀರಪ್ಪಾ” ಅಂದ. ಬೆಳಗಿನ ಜಾವ ಅವನು ಕುರ್ಚಿಯಲ್ಲಿ ತೂಕಡಿಸಿದ. ನಾವು ತೆಗೆದೇಬಿಟ್ಟೆವು. ಮಲಗಿದ ಕಾವಲುಗಾರ, ಹಿಂದೆ ಹೊಗೆ ಕಾರುವ ಚಿಮಣಿ... ಆಹಾ, ಎಂಥಾ ಸಂಕೇತ ಅಂತ ನಮ್ಮ ಬೆನ್ನು ನಾವೇ ತಟ್ಟಿಕೊಂಡೆವು.

ಒಂದು ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂತು. ನೋಡಲು ಬಂದಿದ್ದವರಲ್ಲಿ ಆ ಕಾರ್ಖಾನೆಗೆ ಬೇಕಾದವರು ಒಬ್ಬರಿದ್ದರು. ತಿಂಗಳಾದ ಮೇಲೆ ಬಹುಮಾನದ ಸುದ್ದಿ ಹೇಳೋಣ ಅಂತ ಸ್ವೀಟು ಹಿಡಿದುಕೊಂಡು ಹೋದರೆ ಕುರ್ಚಿಯಲ್ಲಿ ಬೇರೆ ಮನುಷ್ಯ. “ಅವನಾ? ನಿದ್ದೆ ಮಾಡಿ ಸಿಕ್ಕಿಬಿದ್ದನಂತೆ. ಊರಿಗೆ ಹೋದ” ಅಂದ. ಯಾವ ಊರು? ಕುಣಿಗಲ್ ಕಡೆ ಎಲ್ಲೋ. ಅಷ್ಟೇ ಗೊತ್ತಿದ್ದದ್ದು. ಅವನ ಪೂರ್ತಿ ಹೆಸರನ್ನೂ ನಾವು ಕೇಳಿರಲಿಲ್ಲ.

ಆ ಕಪ್ಪು ಇನ್ನೂ ನಮ್ಮ ಮನೆಯ ಅಟ್ಟದ ಮೇಲಿದೆ. ಕೆಳಗಿಳಿಸಲು ಮನಸ್ಸು ಬಂದಿಲ್ಲ, ಬಿಸಾಕಲೂ ಬಂದಿಲ್ಲ.

ಹುಡುಗರು ಸುಮ್ಮನೆ ಕೂತಿದ್ದರು. ಅಷ್ಟು ಹೊತ್ತೂ ಮಾತಾಡದಿದ್ದ ಧ್ವನಿ ಹುಡುಗಿ ಮೆಲ್ಲಗೆ ಅಂದಳು, “ಆ ಗೇಟಿಂದ ನಮ್ಮಮ್ಮನೂ ಬರ್ತಾರೆ ಸಾರ್.”

ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತ ಹುಡುಗರಿಗೆ ಆ ವಿಷಯ ಗೊತ್ತಿರಲಿಲ್ಲ!

* * *

ಆಮೇಲೆ ಕೆಲಸ ಹೇಗೆ ನಡೆಯಿತು ಅಂದರೆ, ನೋಡಿ ಕಲಿಯಬೇಕು.

ಶೂಟಿಂಗ್ ಎಲ್ಲಾ ಭಾನುವಾರ, ಒಟ್ಟು ಮೂರು ಭಾನುವಾರ. ಅಕ್ಕನಿಗೆ ಭಾನುವಾರವೇ ಬಟ್ಟೆ ಒಗೆಯುವ ದಿನ. ಅದಕ್ಕೆ ಕ್ಯಾಮರಾ ಹುಡುಗ ಮೊದಲು ಬಟ್ಟೆ ಹಿಂಡಿ ಹಾಕಿ, ಆಮೇಲೆ ಕ್ಯಾಮರಾ ಹಿಡಿದ. ದಿನಕ್ಕೆ ಅಕ್ಕನ ಒಂದು ದಿನದ ಕೂಲಿ ಎಷ್ಟೋ ಅಷ್ಟು ಕೈಗೆ ಕೊಟ್ಟೇ ಶುರು ಮಾಡಿದರು. ಹದಿನಾರು ಸಾವಿರದಲ್ಲಿ ಇದು ಮೊದಲನೇ ಖರ್ಚು. ಕೊರಳಿನ ಐ.ಡಿ. ಕಾರ್ಡು, ಕಂಪನಿ ಹೆಸರಿನ ಬ್ಯಾಗು, ಯಾವುದೂ ಫ್ರೇಮಿನಲ್ಲಿಲ್ಲ. ಫ್ಯಾಕ್ಟರಿ ಒಳಗಿನ ದೃಶ್ಯಕ್ಕೆ ಹೆಗ್ಗನಹಳ್ಳಿಯ ಒಬ್ಬ ಟೈಲರ್ ತನ್ನ ಪವರ್ ಮೆಷಿನ್ ಕೊಟ್ಟ. ತೋರಿಸಿದ್ದು ಎರಡು ಕೈ, ಒಂದು ಸೂಜಿ, ರಾಶಿ ಕಾಲರು. ಹುಡುಗಿ ಆ ಒಂದು ಮೆಷಿನ್ನಿನ ಸದ್ದನ್ನು ಹತ್ತು ಸಲ ಹಿಡಿದು ಒಂದರ ಮೇಲೊಂದು ಪೇರಿಸಿದಳು. ಕಣ್ಣು ಮುಚ್ಚಿ ಕೇಳಿದರೆ ನೂರು ಮೆಷಿನ್ನಿನ ಹಾಲ್‌ನಲ್ಲಿ ನಿಂತ ಹಾಗಿದೆ.

ಗೇಟಿನ ಶಾಟ್? ಅದೂ ಇದೆ! ಅಕ್ಕನನ್ನೂ ಹುಡುಗಿಯ ತಾಯಿಯನ್ನೂ ಕೇಳಿ, ಗೇಟಿನಿಂದ ದೂರ, ಬಸ್‌ಸ್ಟಾಪಿನ ಹತ್ತಿರ ಮೊಬೈಲನ್ನು ಫುಟ್‌ಪಾತಿನ ಮೇಲೆ ಇಟ್ಟರು. ಕಾಣುವುದು ಬರೀ ಕಾಲು. ಹವಾಯಿ ಚಪ್ಪಲಿ, ಪಿನ್ನು ಹಾಕಿದ ಚಪ್ಪಲಿ, ಒಡೆದ ಹಿಮ್ಮಡಿ, ಅಲ್ಲಾಡುವ ಊಟದ ಬ್ಯಾಗು. ಒಂದೂ ಮುಖವಿಲ್ಲ. ಮುಖ ಇಲ್ಲದೆ ರಿಯಲಿಸಂ ಎಲ್ಲಿಂದ ಅಂದವನು ಆ ಶಾಟನ್ನು ಎಡಿಟಿಂಗ್‌ನಲ್ಲಿ ಒಂದು ಸೆಕೆಂಡೂ ಕತ್ತರಿಸಿಲ್ಲ.

ಮೊದಲ ಪ್ರದರ್ಶನ ಅಕ್ಕನ ಕೋಣೆಯಲ್ಲಿ, ಲ್ಯಾಪ್‌ಟಾಪ್ ಅನ್ನು ಅಕ್ಕಿ ಡಬ್ಬದ ಮೇಲಿಟ್ಟು. ವಠಾರದವರೆಲ್ಲಾ ಬಾಗಿಲಲ್ಲಿ. ಒಂಬತ್ತು ನಿಮಿಷ. ಮುಗಿದ ಮೇಲೆ ನಿರ್ದೇಶಕ ಉಗುರು ಕಚ್ಚುತ್ತಾ ನಿಂತ.

“ಚೆನ್ನಾಗೈತೆ ಕಣಪ್ಪಾ,” ಅಂದರು ಅಕ್ಕ. “ಆದ್ರೆ ನೀರು ಹಿಡಿಯೋದು ಚಿಕ್ಕದಾಯ್ತು. ನಾನು ಮುಕ್ಕಾಲು ಗಂಟೆ ನಿಂತ್ಕಂತೀನಿ, ನೀನು ಮೂರು ಸೆಕೆಂಡಿಗೆ ಮುಗಿಸ್‌ಬಿಟ್ಟೆ!”

ಎಲ್ಲರೂ ಗೊಳ್ಳೆಂದು ನಕ್ಕರು. ಹುಡುಗ ಅದೇ ರಾತ್ರಿ ಕೂತು ಆ ದೃಶ್ಯವನ್ನು ನಲವತ್ತು ಸೆಕೆಂಡು ಮಾಡಿದ. ಈಗ ಅದೇ ಚಿತ್ರದ ಅತ್ಯುತ್ತಮ ಭಾಗ. ನನ್ನ ಮಾತಲ್ಲ, ಅವನದೇ.

ಈ ಚಿತ್ರಕ್ಕೆ ಪ್ರಶಸ್ತಿ ಬರುತ್ತೋ ಇಲ್ಲವೋ ನಾನು ಜ್ಯೋತಿಷಿಯಲ್ಲ. ಅಕ್ಕ ಸೋಮವಾರ ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಹೋದರು. ನನಗೆ ಅಷ್ಟು ಸಾಕಾಯಿತು.

ಆದ್ದರಿಂದ ಕಾಗದ ಬರೆಯುವ ಹುಡುಗರೇ, ವೈಟ್‌ಫೀಲ್ಡಿನಲ್ಲಿ ಹೌಸ್‌ಕೀಪಿಂಗ್ ಮಾಡುವವರ ಬಗ್ಗೆ ತೆಗೆಯಿರಿ, ಎಲೆಕ್ಟ್ರಾನಿಕ್ ಸಿಟಿಯ ಸೆಕ್ಯುರಿಟಿಯವರ ಬಗ್ಗೆ ತೆಗೆಯಿರಿ, ಧಾರಾಳವಾಗಿ ತೆಗೆಯಿರಿ. ಆದರೆ ಕ್ಯಾಮರಾ ಆನ್ ಮಾಡುವ ಮೊದಲು ಎದುರಿನವರ ಪೂರ್ತಿ ಹೆಸರು ಕೇಳಿ. ಈ ಚಿತ್ರದಿಂದ ನಿಮಗೇನಾದರೂ ತೊಂದರೆಯಾಗುತ್ತಾ ಅಂತಲೂ ಕೇಳಿ. “ಬ್ಯಾಡ” ಅಂದರೆ ಆ ಶಾಟ್ ಬಿಟ್ಟುಬಿಡಿ. ಅದಕ್ಕಿಂತ ಒಳ್ಳೆಯ ಶಾಟ್ ಫುಟ್‌ಪಾತಿನಲ್ಲಿ ಸಿಗುತ್ತದೆ.

ಮುಂದಿನ ವಾರ ಮತ್ತೆ ಇದೇ ಪುಟದಲ್ಲಿ ಸಿಗೋಣ. ಬಸ್ಸು ಬಂತೇನೋ, ನೋಡಿ!