ಅವ್ವನ ಮಣ್ಣಿಗೆ ಬರದ ಹುಡುಗನ ಬಗ್ಗೆ

ಪೋಸ್ಟು ಉದ್ದ ಇದೆ, ಪುರುಸೊತ್ತಾದಾಗ ಓದಿ.

ಕೊಟ್ಟೂರು ತೇರಿಗೆ ನಾಲ್ಕು ದಿನ ಮುಂಚೆ ನಮ್ಮ ಅಕ್ಕ ತೀರಿಕೊಂಡಳು. ಹರಪನಹಳ್ಳಿ ತಾಲ್ಲೂಕಿನ ನಮ್ಮೂರಲ್ಲೇ ಮಣ್ಣು ಮಾಡಿದ್ವಿ. ಒಬ್ಬನೇ ಮಗ, ಇಂಗ್ಲೆಂಡಿನಲ್ಲಿದ್ದಾನೆ, ಬರಲಿಲ್ಲ. ವಾಟ್ಸಾಪ್ ವಿಡಿಯೋದಲ್ಲಿ ನೋಡಿದ. ಫೋನ್ ಹಿಡಿದು ನಿಂತವನು ನಾನೇ. ಕುಣಿ ಹತ್ತಿರ ಹೋಗುವಷ್ಟರಲ್ಲಿ ನೆಟ್‌ವರ್ಕ್ ಹೋಯ್ತು.

ದಿನಕ್ಕೆ ಬಂದ ನೆಂಟರ ಮಾತು ಕೇಳಬೇಕಿತ್ತು ನೀವು. "ಬೆಂಗಳೂರಿಗೆ ಗುಳೆ ಹೋದೋರೇ ರಾತ್ರೋರಾತ್ರಿ ಲಾರಿ ಹತ್ತಿ ಬರ್ತಾರೆ, ಇವನಿಗೆ ವಿಮಾನ ಇದ್ದಿಲ್ಲೇನು?" ಅದನ್ನ ಸಹಿಸಿಕೊಂಡೆ. ಆದ್ರೆ ನಮ್ಮ ಸಂಘಟನೆಯ ಇಬ್ಬರು, "ಓದಿ ದೊಡ್ಡೋರಾದ ಮೇಲೆ ನಮ್ಮೋರು ಕೇರಿ ಮರೀತಾರೆ" ಅಂತ ಸ್ಟೇಟಸ್ ಹಾಕಿದ್ರು. ಈ ಪೋಸ್ಟು ಅವರಿಗೆ.

ಅವನು ಕೇರಿ ಮರೆತಿಲ್ಲ. ಬರಬೇಡ ಅಂದವನು ನಾನು.

ಹುಡುಗ ಎಂ.ಎಸ್‌ಸಿ. ಮಾಡಲು ಹೋದವನು. ಓದು ಮುಗೀತು, ವಿದ್ಯಾರ್ಥಿ ವೀಸಾ ಜನವರಿಗೆ ಮುಗಿಯೋದಿತ್ತು. ಓದು ಮುಗಿಸಿದವರಿಗೆ ಅಲ್ಲಿ 'ಗ್ರಾಜುಯೇಟ್ ವೀಸಾ' ಅಂತ ಒಂದಿದೆ, ಎರಡು ವರ್ಷ ಇದ್ದು ದುಡಿಯಬಹುದು. ಅದಕ್ಕೆ ಆ ದೇಶದೊಳಗೇ ಇದ್ದು, ಹಳೆ ವೀಸಾ ಮುಗಿಯೋದರೊಳಗೆ ಅರ್ಜಿ ಹಾಕಬೇಕು. ಇಲ್ಲಿಂದ ಹಾಕೋಕೆ ಬರಲ್ಲ. ಇವನು ಒಂಬತ್ತು ದಿನ ಮುಂಚೆ ಹಾಕಿದ. ಸಾಮಾನ್ಯವಾಗಿ ಎಂಟು ವಾರದೊಳಗೆ ತೀರ್ಮಾನ ಬರುತ್ತೆ ಅಂತ ಅವರ ಸರ್ಕಾರವೇ ಹೇಳುತ್ತೆ. ಆ ಒಂಬತ್ತು ದಿನ ಕಳೆದ ಮೇಲೆ ಇವನು ಯಾರು? ವೀಸಾ ಮುಗಿದ ಕಳ್ಳನೋ, ಕಾನೂನುಬದ್ಧ ನಿವಾಸಿಯೋ?

ಬ್ರಿಟನ್ನಿನ 1971ರ ವಲಸೆ ಕಾಯ್ದೆಯ 3ಸಿ ಸೆಕ್ಷನ್ ಇದಕ್ಕೆ ಉತ್ತರ. ವೀಸಾ ಇರುವಾಗಲೇ ಅರ್ಜಿ ಹಾಕಿದ್ರೆ, ತೀರ್ಮಾನ ಬರುವ ತನಕ ಹಳೆ ವೀಸಾನೇ ತಾನಾಗಿ ಮುಂದುವರಿಯುತ್ತೆ, ಅದೇ ಷರತ್ತುಗಳ ಮೇಲೆ. ಒಂದು ದಿನ ತಡವಾದ್ರೂ ಈ ರಕ್ಷಣೆ ಇಲ್ಲ. ತಕ್ಕ ಕಾರಣ ಇದ್ರೆ ಹದಿನಾಲ್ಕು ದಿನದೊಳಗಿನ ತಡವನ್ನ ಮನ್ನಿಸಬಹುದು ಅಂತಿದೆ, ಆದ್ರೆ ಆ ದಿನಗಳಲ್ಲಿ ಇರೋ ಹಕ್ಕೂ ಇಲ್ಲ, ದುಡಿಯೋ ಹಕ್ಕೂ ಇಲ್ಲ. 'ಹದಿನಾಲ್ಕು ದಿನ ಗ್ರೇಸ್ ಇದೆ' ಅಂತ ಹುಡುಗರು ಒಬ್ಬರಿಗೊಬ್ಬರು ಹೇಳ್ಕೊಂಡು ಹಾಳಾಗೋದು ಇಲ್ಲೇ. ಕೆನಡಾದಲ್ಲೂ ಹೆಚ್ಚುಕಮ್ಮಿ ಇಂಥದ್ದೇ ನಿಯಮ. ಅಮೆರಿಕದಲ್ಲಿ ಎಚ್-1ಬಿ ವಿಸ್ತರಣೆಗೆ ಹೊತ್ತಿಗೆ ಸರಿಯಾಗಿ ಅರ್ಜಿ ಹಾಕಿದವರು ಅದೇ ಕಂಪನಿಯಲ್ಲಿ 240 ದಿನದವರೆಗೆ ಕೆಲಸ ಮಾಡಬಹುದು.

ನಾನು ಗುಮಾಸ್ತ. ದಿನಾ ಟಪಾಲು ನೋಡೋನು. ಈ ನಿಯಮದ ನ್ಯಾಯ ನನಗೆ ಚೆನ್ನಾಗಿ ಅರ್ಥ ಆಗುತ್ತೆ. ಅರ್ಜಿದಾರ ತನ್ನ ಕೆಲಸ ಮಾಡಿಯಾಗಿದೆ, ಕಡತ ಈಗ ಸರ್ಕಾರದ ಮೇಜಿನ ಮೇಲಿದೆ, ಆ ಮೇಜಿನ ನಿಧಾನಕ್ಕೆ ಅರ್ಜಿದಾರ ಅಪರಾಧಿ ಆಗಬಾರದು. ನಮ್ಮಲ್ಲೂ ಇದಿಲ್ಲ ಅನ್ಬೇಡಿ. 2006ರ ಅರಣ್ಯ ಹಕ್ಕು ಕಾಯ್ದೆಯ 4(5) ಏನು ಹೇಳುತ್ತೆ? ಹಕ್ಕು ಗುರುತಿಸಿ ಪರಿಶೀಲನೆ ಮುಗಿಯೋವರೆಗೆ ಅರಣ್ಯವಾಸಿಯನ್ನ ಒಕ್ಕಲೆಬ್ಬಿಸುವಂತಿಲ್ಲ. ಕೂಡ್ಲಿಗಿ ಕಡೆ ಕಾಡಂಚಿನ ಎಷ್ಟು ಜನಕ್ಕೆ ಇದು ಗೊತ್ತು? ನಮೂನೆ 50, 53, 57 ಹಾಕಿ ಬಗರ್‌ಹುಕುಂ ಜಮೀನಿಗೆ ಕಾಯ್ತಾ ಕೂತ ನಮ್ಮೋರನ್ನ ಕೇಳಿ, ಸ್ವೀಕೃತಿ ಚೀಟಿ ಜೋಪಾನ ಮಾಡಿದೋರು ಎಷ್ಟು ಮಂದಿ ಅಂತ. ಆ ಚೀಟಿ ಬರೀ ಚೀಟಿ ಅಲ್ಲ ಅಂತ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಈಗ ಇಂಗ್ಲೆಂಡಿನ ನಿಯಮದ ಇನ್ನೊಂದು ಮಗ್ಗಲು. ತೀರ್ಮಾನ ಬರೋ ಮುಂಚೆ ದೇಶ ಬಿಟ್ರೆ ಅರ್ಜಿ ವಾಪಸ್ ತಗೊಂಡಂಗೆ ಲೆಕ್ಕ. 3ಸಿ ರಕ್ಷಣೆಯೂ ಅಲ್ಲಿಗೆ ಮುಗೀತು. ಹಳೆ ವೀಸಾದ ತಾರೀಖು ಆಗಲೇ ಮುಗಿದಿರೋದ್ರಿಂದ ಮತ್ತೆ ಒಳಗೆ ಹೋಗೋಕೆ ಕೈಯಲ್ಲಿ ಏನೂ ಇಲ್ಲ.

ಅಕ್ಕನ್ನ ಆಸ್ಪತ್ರೆಗೆ ಸೇರಿಸಿದ ರಾತ್ರಿ ಫೋನ್ ಮಾಡಿದ. "ಮಾಮ, ಬರ್ಲಾ? ಟಿಕೆಟ್ ನೋಡೀನಿ." ಅಕ್ಕನ ಎರಡು ಎಕರೆ ಮೇಲೆ ಸಾಲ ಇದೆ, ಅದರ ಮೇಲೆ ಬ್ಯಾಂಕಿನ ಶಿಕ್ಷಣ ಸಾಲ. ಬಂದ್ರೆ ಎರಡು ವರ್ಷದ ದುಡಿಮೆ ಹೋಗುತ್ತೆ, ಎರಡು ಎಕರೆ ಹೋಗುತ್ತೆ. ಬೇಡ ಅಂದೆ. "ಅವ್ವ ಕೇಳಿದ್ರೆ?" ಅಂದ. ಕೇಳಿದ್ಲು. ತೇರಿಗೆ ಬರ್ತಾನ ಅಂತ ಸುಳ್ಳು ಹೇಳಿದೆ.

ನಾನು ಮಾಡಿದ್ದು ಸರಿಯೇ? ಈಗಲೂ ಸರಿ ಅಂತಲೇ ಅನ್ಕೊಂಡಿದೀನಿ. ಆದ್ರೆ ಆ ನಿಯಮ ಸರಿ ಅಂತ ಒಪ್ಪಲಾರೆ. ಸಾವಿಗೆ ಹೋಗಿ ಹದಿನೈದು ದಿನದಲ್ಲಿ ವಾಪಸ್ ಬರೋನ ಅರ್ಜಿ ಜೀವಂತ ಇಟ್ಟರೆ ಯಾವ ದೇಶ ಮುಳುಗುತ್ತೆ? ಕಾಗದದಲ್ಲಿ ಎಲ್ಲರಿಗೂ ಒಂದೇ ನಿಯಮ, ನಿಜ. ಆದ್ರೆ ದುಡ್ಡಿದ್ದ ಮನೆಯ ಹುಡುಗ ಬಂದು, ಅತ್ತು, ಅಪ್ಪನ ದುಡ್ಡಲ್ಲಿ ಬೇರೆ ದಾರಿ ಹಿಡೀತಾನೆ. ನಮ್ಮ ಹುಡುಗನಿಗೆ ಇದ್ದದ್ದು ಅದೊಂದೇ ದಾರಿ.

ಬಾಬಾಸಾಹೇಬರ ವಿಷಯ ನೆನಪಾಗುತ್ತೆ. 1916ರಲ್ಲಿ ಲಂಡನ್ನಿಗೆ ಓದಲು ಹೋದರು, ಬರೋಡದ ವಿದ್ಯಾರ್ಥಿವೇತನ ಮುಗಿದು 1917ರಲ್ಲೇ ಹಿಂದಿರುಗಬೇಕಾಯ್ತು. ಆದ್ರೆ ನಾಲ್ಕು ವರ್ಷದೊಳಗೆ ಮತ್ತೆ ಬಂದು ಓದು ಮುಂದುವರಿಸಲು ಅನುಮತಿ ಪಡೆದೇ ಹೊರಟಿದ್ದರು. 1920ರಲ್ಲಿ ಹೋಗಿ ಮುಗಿಸಿದರು. ನೂರು ವರ್ಷದ ಹಿಂದೆ ಒಂದು ವಿಶ್ವವಿದ್ಯಾಲಯಕ್ಕೆ ಸಾಧ್ಯವಾದ ಉದಾರತೆ ಇವತ್ತಿನ ಗಡಿಗಳಿಗೆ ಸಾಧ್ಯ ಇಲ್ಲ.

ಅಲ್ಲಿದ್ದು ಕಾಯೋದೂ ಸುಖವಲ್ಲ. ಹೆಚ್ಚಿನವರ ವೀಸಾ ಕಾರ್ಡುಗಳು 2024ರ ಡಿಸೆಂಬರ್ 31ಕ್ಕೇ ಮುಗಿದವು, ಈಗ ಎಲ್ಲಾ ಆನ್‌ಲೈನ್. ಇವನು ಕೆಲಸ ಮಾಡೋ ಅಂಗಡಿಯವರು ತಾರೀಖು ಮುಗಿದಿದ್ದು ನೋಡಿ ನಾಳೆಯಿಂದ ಬರಬೇಡ ಅಂದ್ರು. ಅಂಥ ಹೊತ್ತಲ್ಲಿ ಮಾಲೀಕರು ಸರ್ಕಾರದ ಪರಿಶೀಲನಾ ಸೇವೆಗೆ ಕೇಳಿ ಖಾತ್ರಿ ಪತ್ರ ತರಿಸಬಹುದು, ಅದು ಆರು ತಿಂಗಳು ನಡೆಯುತ್ತೆ. ಮಾಲೀಕರಿಗೆ ಅದು ಗೊತ್ತಿರಲಿಲ್ಲ, ಇವನೇ ಹುಡುಕಿ ತೋರಿಸಿದ. ಅಷ್ಟರಲ್ಲಿ ಒಂಬತ್ತು ದಿನದ ಕೂಲಿ ಹೋಯ್ತು. ಮನೆ ಮಾಲೀಕನ ತಕರಾರು ಬೇರೆ: ಒಂದು ಕಾಗದದಲ್ಲಿ ದಾವಣಗೆರೆ ಜಿಲ್ಲೆ, ಇನ್ನೊಂದರಲ್ಲಿ ಬಳ್ಳಾರಿ, ಮತ್ತೊಂದರಲ್ಲಿ ವಿಜಯನಗರ, ಯಾಕೆ? ಊರು ಕದಲಿಲ್ಲ ಸ್ವಾಮಿ, ಜಿಲ್ಲೆಗಳೇ ಕದಲಿದ್ದು. 1997ರಲ್ಲಿ ಹರಪನಹಳ್ಳಿ ದಾವಣಗೆರೆಗೆ ಹೋಯ್ತು, ಮತ್ತೆ ಬಳ್ಳಾರಿಗೆ ಬಂತು, 2021ರಿಂದ ವಿಜಯನಗರ. ಇದನ್ನ ಇಂಗ್ಲಿಷಲ್ಲಿ ವಿವರಿಸೋಕೆ ಅರ್ಧ ಗಂಟೆ ಬೇಕಾಯ್ತಂತೆ.

ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯಿಂದಲೋ, ಬ್ಯಾಂಕ್ ಸಾಲದಿಂದಲೋ ನಮ್ಮ ಮಕ್ಕಳು ಹೊರದೇಶಕ್ಕೆ ಹೋಗ್ತಿದ್ದಾರೆ. ಹೋಗುವಾಗ ಹಾರ ಹಾಕಿ ಫೋಟೋ ಹಾಕ್ತೀವಿ, ಆಮೇಲೆ ಅವರ ವೀಸಾ ಯಾವತ್ತು ಮುಗಿಯುತ್ತೆ ಅಂತ ಒಬ್ಬರೂ ಕೇಳಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ತಾಲ್ಲೂಕಿನಿಂದ ಹೋದವರ ಒಂದು ಪಟ್ಟಿ ಮಾಡ್ತಿದೀನಿ. ತಾರೀಖಿಗೆ ಮೂರು ತಿಂಗಳು ಮುಂಚೆ ನೆನಪಿಸೋದು, ಅರ್ಜಿ ಹಾಕಿದ ಸ್ವೀಕೃತಿಯ ಒಂದು ಪ್ರತಿ ಮನೆಯಲ್ಲೂ ಇಡಿಸೋದು, ಊರಿಗೆ ಬಂದು ಹೋಗೋದಿದ್ರೆ ಅರ್ಜಿ ಹಾಕೋ ಮುಂಚೆಯೇ ಬಂದು ಹೋಗು ಅಂತ ಹೇಳೋದು. ಇದು ಇಲಾಖೆ ಮಾಡ್ಲಿ ಅಂತ ಕಾಯೋದು ಬೇಡ. ನಿಮ್ಮ ಕೇರಿಯವರಿದ್ರೆ ಇನ್‌ಬಾಕ್ಸ್ ಮಾಡಿ.

ಅರ್ಜಿಗೆ ಇದು ಏಳನೇ ವಾರ. ಸ್ಟೇಟಸ್ ಹಾಕಿದ ಗೆಳೆಯರು ನನಗೆ ಫೋನ್ ಮಾಡೋದು ಬೇಡ, ಅವನಿಗೆ ಮಾಡಿ. ಅಲ್ಲಿ ಸಂಜೆ ಆರಕ್ಕೆ ಕೆಲಸ ಬಿಟ್ಟು ರೂಮಿಗೆ ಬರ್ತಾನೆ, ನಮಗೆ ಆಗ ರಾತ್ರಿ ಹನ್ನೊಂದೂವರೆ.