ಹೊಳೆಯುವ ನೆಲ, ಹಿರಿಯರ ಹೆಜ್ಜೆ

ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಜಾತ್ರೆ ಸಮೀಪಿಸಿತೆಂದರೆ ಮನೆಮನೆಯಲ್ಲೂ ನೆಲ ತೊಳೆಯುವ ಸಡಗರ. ಅಂತಹ ಒಂದು ಮುಂಜಾವಿನಲ್ಲಿ ನಮ್ಮ ಬಂಧುಗಳ ಮನೆಯ, ಎಪ್ಪತ್ತು ದಾಟಿದ ತಾಯಿಯೊಬ್ಬರು ಸ್ನಾನ ಮುಗಿಸಿ, ಒದ್ದೆ ಕಾಲಿನಲ್ಲಿಯೇ ಬಚ್ಚಲಿನಿಂದ ಪೂಜೆಯ ಕೋಣೆಯತ್ತ ನಡೆದರು. ನಡುಮನೆಯ ಹೊಸ ಗ್ರಾನೈಟ್ ನೆಲವನ್ನು ಆಗತಾನೆ ಒರೆಸಲಾಗಿತ್ತು. ಎರಡನೆಯ ಹೆಜ್ಜೆಗೆ ಕಾಲು ಜಾರಿತು; ಸೊಂಟದ ಬಳಿ ತೊಡೆಯ ಮೂಳೆ ಮುರಿಯಿತು. ಮುಂದೆ ಮೂರು ತಿಂಗಳು ಅವರ ಇಷ್ಟಲಿಂಗ ಪೂಜೆ ಮಂಚದ ಮೇಲೆಯೇ ನಡೆಯಿತು. ಮಗ ಆ ನೆಲವನ್ನು ಹಾಕಿಸಿದ್ದು ತಾಯಿ ಕಣ್ತುಂಬ ನೋಡಲೆಂದು!

ಇದು ಒಂದು ಮನೆಯ ದುಃಖವಷ್ಟೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ನೀಡಿದ ಅಂದಾಜಿನಂತೆ, ಬೀಳುವುದರಿಂದ ಜಗತ್ತಿನಲ್ಲಿ ವರ್ಷಕ್ಕೆ 6,84,000 ಮಂದಿ ಪ್ರಾಣ ಕಳೆದುಕೊಳ್ಳುತ್ತಾರೆ. ಅವರಲ್ಲಿ ಅರವತ್ತು ಮೀರಿದವರೇ ಹೆಚ್ಚು. ಹಿರಿಯರು ಬಿದ್ದಾಗ ‘ವಯಸ್ಸಾಯಿತು’ ಎಂದು ಸುಮ್ಮನಾಗುವುದು ನಮ್ಮ ವಾಡಿಕೆ. ಆದರೆ ತಪ್ಪು ನೆಲದ್ದೂ ಉಂಟು.

ಕಲ್ಲು ನಮಗೆ ಹೊಸದಲ್ಲ. ನಮ್ಮದು ಗುಡ್ಡದ ಮಗ್ಗುಲಿನ ಊರು. ಹಿಂದೆ ಬಚ್ಚಲಿಗೆ ಹಾಸುತ್ತಿದ್ದ ಚಪ್ಪಡಿಗಳ ಮೇಲೆ ಉಳಿಪೆಟ್ಟಿನ ಗುರುತುಗಳಿರುತ್ತಿದ್ದವು. ನೀರು ಆ ತಗ್ಗುಗಳಿಗೆ ಇಳಿದು, ಉಬ್ಬಿದ ಭಾಗ ಅಂಗಾಲಿಗೆ ನೇರವಾಗಿ ತಾಗುತ್ತಿತ್ತು. ಅದೇ ಕಲ್ಲನ್ನು ಕನ್ನಡಿಯಂತೆ ಉಜ್ಜಿದಾಗ ನೀರು ಸರಿಯಲು ಎಡೆಯಿಲ್ಲದೆ, ಕಾಲಿಗೂ ಕಲ್ಲಿಗೂ ನಡುವೆ ತೆಳುಪೊರೆಯಾಗಿ ನಿಲ್ಲುತ್ತದೆ. ಸಾಬೂನು, ಎಣ್ಣೆ ಸೇರಿದರಂತೂ ಕೇಳುವುದೇ ಬೇಡ. ಆದುದರಿಂದ ದೋಷ ಕಲ್ಲಿನದಲ್ಲ. ಹೊಳಪು ಮತ್ತು ಒದ್ದೆ ಒಂದೆಡೆ ಸೇರಿದ್ದೇ ದೋಷ.

ಹೊಸ ಮನೆ ಕಟ್ಟಿಸುವವರು ಬಚ್ಚಲು, ಅಡುಗೆಮನೆ, ಮೆಟ್ಟಿಲು, ಅಂಗಳ, ಹಾಗೂ ಬಚ್ಚಲಿನಿಂದ ಪೂಜೆಯ ಕೋಣೆಗೆ ಹೋಗುವ ದಾರಿ, ಇಷ್ಟಕ್ಕಾದರೂ ಹೊಳಪನ್ನು ಬಯಸಬಾರದು. ಗ್ರಾನೈಟೇ ಬೇಕೆಂದರೆ ಉರಿ ಹಾಯಿಸಿ ತರಿತರಿಯಾಗಿಸಿದ ಅಥವಾ ಉಳಿಪೆಟ್ಟು ಹಾಕಿದ ಚಪ್ಪಡಿಗಳು ದೊರೆಯುತ್ತವೆ. ಟೈಲ್ಸ್ ಕೊಳ್ಳುವಾಗ ಅಂಗಡಿಯಲ್ಲಿಯೇ ಅದರ ಮೇಲೆ ನೀರು ಸುರಿದು ಬೆರಳಿನಿಂದ ಉಜ್ಜಿ ನೋಡಿರಿ. ಆರ್-9ರಿಂದ ಆರ್-13ರವರೆಗಿನ ಗುರುತಿದ್ದರೆ, ಅದು ಎಣ್ಣೆ ಸವರಿದ ಇಳಿಜಾರಿನ ಮೇಲೆ ಬೂಟು ತೊಟ್ಟು ನಡೆದು ನೋಡುವ ಜರ್ಮನಿಯ ಪರೀಕ್ಷೆಯದು. ಅಂಕಿ ಏರಿದಷ್ಟೂ ಹಿಡಿತ ಹೆಚ್ಚು. ಬರಿಗಾಲಿನ ನಮ್ಮ ಬಚ್ಚಲಿಗೆ, ಒದ್ದೆ ಬರಿಗಾಲಿನ ಪರೀಕ್ಷೆಯ ಎ, ಬಿ, ಸಿ ದರ್ಜೆಗಳೇ ಸೂಕ್ತ. ಅವುಗಳಲ್ಲಿ ಸಿ ಮೇಲಿನದು. ಸಣ್ಣ ಟೈಲ್ಸ್‌ಗಳಲ್ಲಿ ಸಂದುಗಳು ಹೆಚ್ಚಿರುವುದರಿಂದ ಹಿಡಿತವೂ ಹೆಚ್ಚು. ನೀರು ನಿಲ್ಲದಂತೆ ವಾಟ ಕೊಡಲು ಗಾರೆಯವರಿಗೆ ಮರೆಯದೆ ಹೇಳಿರಿ.

ನೆಲ ಈಗಾಗಲೇ ಹಾಕಿಸಿದವರು ಅದನ್ನು ಕಿತ್ತು ಹಾಕಬೇಕಿಲ್ಲ. ಬಚ್ಚಲಿನ ಬಾಗಿಲಲ್ಲಿ ರಬ್ಬರಿನ ತಳವುಳ್ಳ ಕಾಲೊರಸು ಇರಲಿ; ಗೋಣಿಚೀಲ, ಹಳೆಯ ಸೀರೆಯ ತುಂಡು ತಾವೇ ಜಾರುತ್ತವೆ. ಮೆಟ್ಟಿಲಿನ ಅಂಚಿಗೆ ಗೀರು ಹಾಕಿಸಿರಿ, ಇಲ್ಲವೇ ಒರಟು ಪಟ್ಟಿ ಅಂಟಿಸಿರಿ. ಬಚ್ಚಲಿನ ಗೋಡೆಗೆ ಭದ್ರವಾದ ಹಿಡಿಕೆಯಿರಲಿ, ರಾತ್ರಿ ದೀಪವಿರಲಿ. ಸಾಬೂನಿನ ನೀರನ್ನು ಶುದ್ಧ ನೀರಿನಿಂದ ತೊಳೆದು, ಒಣಬಟ್ಟೆಯಿಂದ ಒರೆಸಿದ ಮೇಲೆಯೇ ಹಿರಿಯರನ್ನು ಕರೆಯಿರಿ. ನೆಲವನ್ನು ಒರಟಾಗಿಸುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲವಿರುತ್ತದೆ. ಅದು ಚರ್ಮದೊಳಗೆ ಇಳಿದು ಸುಡುವಂಥದು. ತಿಳಿಯದೆ ಮನೆಯಲ್ಲಿ ಬಳಸಬಾರದು.

ದುಡಿಯುವ ಸ್ಥಳಗಳಿಗೂ ಈ ಮಾತು ಸಲ್ಲುತ್ತದೆ. ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ನಯವಾದ ಗಾರೆಯ ಮೇಲೆ ಎಣ್ಣೆಯಂಶದ ತವುಡು ಕುಳಿತರೆ, ಮೂಟೆ ಹೊತ್ತವನಿಗೆ ಕೆಳಗಿನ ನೆಲ ಕಾಣಿಸದು. ಮಠದ ದಾಸೋಹದಲ್ಲಿ ಗಂಜಿ ಚೆಲ್ಲಿದ ಕಲ್ಲಿನ ಮೇಲೆ ಕುದಿಯುವ ಸಾರಿನ ಪಾತ್ರೆ ಹಿಡಿದು ಓಡಾಡುವವರು ನಮ್ಮ ಮಕ್ಕಳೇ. ಜಾರಿಸುವ ಪದಾರ್ಥಗಳು ನೆಲದ ಮೇಲಿರದಂತೆ ನೋಡಿಕೊಳ್ಳಬೇಕೆಂದು 1948ರ ಕಾರ್ಖಾನೆಗಳ ಅಧಿನಿಯಮದ 32ನೇ ಕಲಮು ಮಾಲೀಕರಿಗೆ ವಿಧಿಸಿತ್ತು. ಕಾಯಕವನ್ನು ಗೌರವಿಸುವ ನಮಗೆ ಕಾಯಕ ಮಾಡುವವರ ಕಾಲಿನ ಚಿಂತೆಗೆ ಕಾನೂನಿನ ಒತ್ತಾಯ ಬೇಕಾಗಬಾರದು.

ಮೊದಲು ಹೇಳಿದ ಮನೆಯ ಮಗ ಈಗ ಕಲ್ಲುಕುಟಿಗರನ್ನು ಕರೆಸಿ, ಬಚ್ಚಲಿನಿಂದ ಪೂಜೆಯ ಕೋಣೆಯವರೆಗೆ ಎರಡು ಅಡಿ ಅಗಲದ ಪಟ್ಟಿಗೆ ಹಗುರವಾಗಿ ಉಳಿ ಹಾಕಿಸಿದ್ದಾರೆ. ಧೂಳು ಶ್ವಾಸಕೋಶಕ್ಕೆ ಮಾರಕವೆಂದು ಕಲ್ಲನ್ನು ನೆನೆಸಿ, ಕೆಲಸದವರಿಗೆ ಮುಖಗವಸನ್ನೂ ಕೊಡಿಸಿದರು. ನೆಲದ ಅಂದ ಕೆಟ್ಟಿತೆಂದು ಬಂದವರು ಹೇಳುವುದುಂಟು. ತಾಯಿ ಮಾತ್ರ ಗೋಡೆ ಹಿಡಿದು ಆ ಪಟ್ಟಿಯ ಮೇಲೆಯೇ ಪೂಜೆಗೆ ಹೋಗುತ್ತಿದ್ದಾರೆ.

ಗೃಹಪ್ರವೇಶಕ್ಕೆ ಬಂದವರು ಹೊಳಪನ್ನು ಒಂದು ದಿನ ಮೆಚ್ಚಿ ಹೋಗುತ್ತಾರೆ. ಮನೆಯ ಹಿರಿಯರು ಅದರ ಮೇಲೆ ದಿನವೂ ನಡೆಯಬೇಕು. ಓದುಗರು ನಾಳೆ ಸ್ನಾನವಾದ ಮೇಲೆ, ಗೋಡೆ ಹಿಡಿದು, ತಮ್ಮ ಮನೆಯ ಆ ದಾರಿಯನ್ನು ಒಮ್ಮೆ ನಿಧಾನವಾಗಿ ನಡೆದು ನೋಡಬೇಕೆಂದು ನಮ್ಮ ವಿನಂತಿ.