ಬೋಳುಗುಡ್ಡದ ಸಿರಿ

ಊರಿನಿಂದ ಬಂದ ನೆಂಟರಿಷ್ಟರನ್ನು ನಾವು ಗೋವೆಯ ಕಡಲತೀರಕ್ಕೂ ದೇವಾಲಯಗಳಿಗೂ ಕರೆದೊಯ್ಯುತ್ತೇವೆ. ಗುಡ್ಡದ ನೆತ್ತಿಯ ಮೇಲೆ ಚಾಚಿಕೊಂಡಿರುವ ಕೆಂಪು ಕಲ್ಲುಹಾಸನ್ನು ತೋರಿಸುವವರು ವಿರಳ. ಗೋವೆಯವರು ಅದನ್ನು ‘ಸಡಾ’ ಎನ್ನುತ್ತಾರೆ. ಕಾಸರಗೋಡು, ದಕ್ಷಿಣ ಕನ್ನಡದವರಿಗೆ ಅದು ‘ಪದವು’. ಬೇಸಗೆಯಲ್ಲಿ ಕಂಡವರು ಬರಡೆಂದು ಮುಖ ತಿರುಗಿಸುವುದು ಸಹಜ. ಆದರೆ ಮುಂಗಾರು ನೆಲೆಗೊಂಡ ಮೇಲೆ ಅದೇ ಬಂಡೆ ಹುಲ್ಲುಗಾವಲಾಗುತ್ತದೆ.

ಈ ಶಿಲೆಯೇ ಜಂಬಿಟ್ಟಿಗೆ; ನಮ್ಮ ಕರಾವಳಿಯ ಮುರಕಲ್ಲು. ಲಕ್ಷಾಂತರ ವರ್ಷಗಳ ಮಳೆಬಿಸಿಲಿಗೆ ಮೂಲಶಿಲೆ ಶಿಥಿಲಗೊಂಡು, ಸಿಲಿಕಾ ಮೊದಲಾದವು ಕರಗಿ ಹರಿದುಹೋದುವು. ಕಬ್ಬಿಣ, ಅಲ್ಯೂಮಿನಿಯಮ್‌ಗಳ ಆಕ್ಸೈಡುಗಳು ಉಳಿದುವು. ಆದುದರಿಂದಲೇ ಈ ಕೆಂಪು, ಈ ಜೇನುಹುಟ್ಟಿನಂತಹ ರಂಧ್ರಗಳು. ನೆಲದೊಳಗಿರುವಾಗ ಮೆದು, ಗಾಳಿಬಿಸಿಲಿಗೆ ಒಡ್ಡಿದರೆ ಗಟ್ಟಿ. ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ 1807ರ ತನ್ನ ಗ್ರಂಥದಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂಬ ಹೆಸರನ್ನಿತ್ತನು. ಲ್ಯಾಟಿನ್ನಿನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಕೊರ್ಲಿಮ್‌ನ ನೆರೆಯ ಹಳೆಗೋವೆಯಲ್ಲಿ, 1605ರಲ್ಲಿ ಪ್ರತಿಷ್ಠಾಪನೆಗೊಂಡ ಬೊಮ್ ಜೀಸಸ್ ಬಸಿಲಿಕಾದ ಗಾರೆ ಕಳಚಿದ ಗೋಡೆಗಳಲ್ಲಿ ಈ ಕಲ್ಲನ್ನು ಕಣ್ಣಾರೆ ಕಾಣಬಹುದು.

ಕಲ್ಲಿನ ಮೇಲಣ ಮಣ್ಣು ಬೆರಳುದ್ದವೂ ಇಲ್ಲದ ಕಡೆಗಳುಂಟು. ಅದರಲ್ಲಿ ಸಾರಜನಕವೂ ಅಲ್ಪ. ಆ ಕೊರತೆಯನ್ನು ನೀಗಿಸಿಕೊಳ್ಳಲು ಕೆಲವು ಸಸ್ಯಗಳು ಕೀಟಗಳನ್ನೇ ಆಹಾರ ಮಾಡಿಕೊಂಡಿವೆ. ಡ್ರಾಸಿರಾ ತನ್ನ ಎಲೆಯ ಅಂಟುಹನಿಗಳಿಂದ ಹಿಡಿಯುತ್ತದೆ. ನೀಲಿ ಹೂವಿನ ಯುಟ್ರಿಕ್ಯುಲೇರಿಯಾ ಸೂಕ್ಷ್ಮ ಚೀಲಗಳಿಂದ ಹೀರಿಕೊಳ್ಳುತ್ತದೆ. ಚೌತಿಯ ಹೊತ್ತಿಗೆ ಹೂಗಳು ಹಾಸುಹೊಕ್ಕಾಗಿರುತ್ತವೆ. ಗೋವೆಯ ಮಾಟೊಳಿಗೂ ಉತ್ತರ ಕನ್ನಡದ ಫಲಾವಳಿಗೂ ಕಾಡುಗುಡ್ಡಗಳಿಂದಲೇ ಕಾಯಿಹೂಗಳು ಬರುತ್ತವೆಂಬುದನ್ನು ತಾಯಂದಿರು ಮಕ್ಕಳಿಗೆ ತಿಳಿಸಬೇಕು.

ಒಂದು ದಿನದ ಬಿಡುವಿದ್ದರೆ ಕುಶಾವತಿ ನದಿಯ ದಡದ ಉಸ್ಗಾಳಿಮಳಕ್ಕೂ ಹೋಗಿಬನ್ನಿ. ಅಲ್ಲಿಯ ಜಂಬಿಟ್ಟಿಗೆಯ ಹಾಸಿನ ಮೇಲೆ ಪ್ರಾಚೀನರು ಗೂಳಿ, ಜಿಂಕೆ, ನವಿಲು, ಸುತ್ತುಸುತ್ತಾದ ಚಕ್ರಬಿಂಬಗಳನ್ನು ಕೊರೆದಿದ್ದಾರೆ. ಹಳ್ಳಿಗರು ಬಲ್ಲ ಈ ಚಿತ್ರಗಳು ಪುರಾತತ್ತ್ವಜ್ಞರ ಗಮನಕ್ಕೆ ಬಂದದ್ದು 1993ರಲ್ಲಿ.

ಬರಡೆಂದು ಬಗೆದ ನೆಲ ಬೇಗನೆ ಬಲಿಯಾಗುತ್ತದೆ. ವೆರ್ಣಾದ ಪ್ರಸ್ಥಭೂಮಿಯಲ್ಲಿ ಕೈಗಾರಿಕಾ ವಸಾಹತು ತಲೆಯೆತ್ತಿದೆ. ಮೋಪಾದ ಪ್ರಸ್ಥಭೂಮಿಯಲ್ಲಿ 2023ರ ಜನವರಿಯಿಂದ ವಿಮಾನಗಳು ಇಳಿಯುತ್ತಿವೆ. ಕಾರ್ಖಾನೆ, ಕಟ್ಟಡಗಳ ಕೆಲಸದಿಂದಲೇ ನಮ್ಮಲ್ಲಿ ಅನೇಕರ ಮನೆಯ ಒಲೆ ಉರಿಯುತ್ತಿದೆ. ಆ ಋಣವನ್ನು ಮರೆಯಲಾಗದು. ಆದರೆ ರಂಧ್ರಮಯವಾದ ಈ ಕಲ್ಲು ಮಳೆನೀರನ್ನು ಒಳಗಿಳಿಸಿ ತಪ್ಪಲಿನ ಒರತೆ, ಬಾವಿಗಳಿಗೆ ಉಣಿಸುತ್ತದೆ. ನೆತ್ತಿಯೆಲ್ಲ ಕಾಂಕ್ರೀಟಾದರೆ ತಪ್ಪಲಿನ ಬಾವಿಗೆ ನೀರು ಎಲ್ಲಿಂದ ಬರಬೇಕು? ಕೆಲಸವೂ ಬೇಕು, ನೀರೂ ಬೇಕು ಎಂಬವರು ಗುಡ್ಡದ ಬೆಲೆಯನ್ನು ಮೊದಲು ಅರಿಯಬೇಕು.

ಹೋಗುವವರು ವಾಹನವನ್ನು ರಸ್ತೆಯಲ್ಲಿಯೇ ನಿಲ್ಲಿಸಿರಿ. ಟಿಟ್ಟಿಭವು ಬರಿನೆಲದಲ್ಲಿಯೇ ಮೊಟ್ಟೆಯಿಡುವ ಹಕ್ಕಿ, ಹೆಜ್ಜೆಯಲ್ಲಿ ಎಚ್ಚರವಿರಲಿ. ಹೂ ಕೀಳದೆ, ಮಕ್ಕಳನ್ನು ಮೊಣಕಾಲೂರಿ ಕೂಡಿಸಿ, ನೆಲದ ಮಟ್ಟಕ್ಕೆ ಕಣ್ಣಿಟ್ಟು ನೋಡಲು ಹೇಳಿರಿ.